ಸ್ವಾಮಿ ಕೂತ ಮಣೆ

ಆ ದಿನ ಬೆಳಗ್ಗೆ ಬುಕ್ಕಾಂಬುಧಿಯಲ್ಲಿ ಮಂಜು ಎಷ್ಟು ಕವಿದಿತ್ತೆಂದರೆ, ಏರಿಯ ಮೇಲೆ ನಿಂತವರಿಗೆ ಕೆರೆಯೇ ಕಾಣುತ್ತಿರಲಿಲ್ಲ. ನೀರು ಇದೆಯೆಂಬುದಕ್ಕೆ ನೀರುಕೋಳಿಗಳ ಕೂಗೊಂದೇ ಸಾಕ್ಷಿ. ಕಾರ್ತಿಕದ ಕಡೆಯ ಸೋಮವಾರ. ಚಳಿ ಇತ್ತು, ಗಾಳಿ ಇರಲಿಲ್ಲ. ಏರಿಯ ತುದಿಯಲ್ಲಿರುವ ಸಿದ್ದೇಶ್ವರ ಸ್ವಾಮಿಯ ಸಣ್ಣ ಗುಡಿಯ ಹೊಸ್ತಿಲಲ್ಲಿ ಯಾರೋ ಹಚ್ಚಿಟ್ಟಿದ್ದ ಹಣತೆಯ ಕುಡಿ ಅಲುಗದೆ ನಿಂತಿತ್ತು. ಗಾಳಿ ಇರಲಿಲ್ಲ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಆ ಮಂಜಿನಲ್ಲಿ ಕರಿಸಿದ್ದಪ್ಪ ತನ್ನ ಹೆಂಡತಿ ಗುರುಶಾಂತಮ್ಮನ ಜೊತೆ ಗುಡಿಯ ಕಡೆಗೆ ನಡೆದು ಬರುತ್ತಿದ್ದ. ಕಂಕುಳಲ್ಲಿ ಮಡಿಬಟ್ಟೆ ಸುತ್ತಿದ ಹಲಸಿನ ಮಣೆ. ಮಣೆಯ ಅಡಿಯಿಂದ ಒಂದು ಕಪ್ಪು ವೈರು ಬಾಲದಂತೆ ಇಳಿಬಿದ್ದಿತ್ತು.

ಕರಿಸಿದ್ದಪ್ಪನದು ತೆಂಗು, ರಾಗಿ ಬೆಳೆಯುವ ಮನೆ. ಆದರೆ ಕಡೂರಿನಿಂದ ತರೀಕೆರೆಯವರೆಗೆ ಜನ ಅವನನ್ನು ಗುರುತಿಸುತ್ತಿದ್ದುದು ಡ್ರಮ್ ಸಿದ್ದಪ್ಪ ಎಂದೇ. ಅವನ ಬಾಲ್ಯದ ಗೆಳೆಯ ಗುರುಮೂರ್ತಿ ಕಟ್ಟಿದ ಒಂದು ಗಾನ ಬಳಗವಿತ್ತು. ಗುರುಮೂರ್ತಿ ಹಾರ್ಮೋನಿಯಂ ಹಿಡಿದು ವಚನ, ತತ್ವಪದ ಹಾಡಿದರೆ, ಹಿಂದೆ ಡ್ರಮ್ ಸೆಟ್ಟಿನ ಮುಂದೆ ಕೂತು ತಾಳ ಹಿಡಿಯುವವನು ಇವನು. ಮಠದ ಸಮಾರಂಭವಿರಲಿ, ಮದುವೆ ಮನೆಯಿರಲಿ, ಒಬ್ಬರನ್ನು ಕರೆದರೆ ಇಬ್ಬರೂ ಬರುತ್ತಿದ್ದರು.

ಈಚೆಗೆ ಅವನ ಕಿವಿ ಮೆಲ್ಲಗೆ ಕೈಕೊಡುತ್ತಿತ್ತು. ಎಲ್ಲ ಸದ್ದಿಗೂ ಅಲ್ಲ. ಹಕ್ಕಿಯ ಕೂಗು ಕೇಳಿಸುತ್ತಿತ್ತು, ಬಸ್ಸಿನ ಹಾರನ್ನು ಕೇಳಿಸುತ್ತಿತ್ತು, ಗುರುಶಾಂತಮ್ಮನ ಮಾತಂತೂ ತೋಟದ ಆಚೆ ಬದಿಯಿಂದಲೂ ಕೇಳಿಸುತ್ತಿತ್ತು. ಹೋದದ್ದು ತಳದ ಸದ್ದು. ದೂರದ ಗುಡುಗು, ಟ್ರ್ಯಾಕ್ಟರಿನ ಗುಡುಗುಡು, ಕಾಲಿನಿಂದ ತುಳಿದು ಬಾರಿಸುವ ಬೇಸ್ ಡ್ರಮ್ಮಿನ ಧುಂ. ತಾನು ತುಳಿದದ್ದು ತನಗೇ ಕೇಳದಿದ್ದರೆ ತಾಳ ಎಲ್ಲಿ ನಿಂತೀತು? ಶಿವಮೊಗ್ಗದ ಡಾಕ್ಟರು ಬರೆದುಕೊಟ್ಟ ಕಿವಿಯ ಮಷೀನು ಹಾಕಿಕೊಂಡು ಒಮ್ಮೆ ವೇದಿಕೆ ಹತ್ತಿದ. ಅದು ಕೀ ಎಂದು ಕೂಗಿಕೊಂಡ ಪರಿಗೆ ಮುಂದಿನ ಸಾಲಿನ ಮಗುವೊಂದು ಹೆದರಿ ಅತ್ತಿತು.

ಶ್ರಾವಣದಲ್ಲಿ ಕಡೂರಿನ ಕಾರ್ಯಕ್ರಮದ ದಿನ ಒಂದು ನಿಧಾನದ ಪದದ ನಡುವೆ ಅವನ ಕಾಲು ಹಾಡಿಗಿಂತ ಮುಂದೆ ಓಡಿತು. ಗುರುಮೂರ್ತಿ ಹಾಡು ನಿಲ್ಲಿಸಿ, ಕೆಮ್ಮಿ, ನೀರು ಕುಡಿದು, ಮೊದಲಿನಿಂದ ಎತ್ತಿಕೊಂಡ. ಜನಕ್ಕೆ ಗೊತ್ತಾಗಲಿಲ್ಲ. ಕರಿಸಿದ್ದಪ್ಪನಿಗೆ ಗೊತ್ತಾಯಿತು. ಗುರುಮೂರ್ತಿಗೆ ಅಂದು ಬಾಯಾರಿರಲಿಲ್ಲ.

ಆಮೇಲೆ ಗುರುಮೂರ್ತಿ ಆ ಮಾತೇ ಎತ್ತಲಿಲ್ಲ. ಎತ್ತದೆ ಇದ್ದದ್ದೇ ಕಷ್ಟವಾಯಿತು. ಕಡೂರಿನಲ್ಲಿ ಪ್ರಸನ್ನಕುಮಾರ್ ಎಂಬ ಹುಡುಗನಿದ್ದ. ಅವನದು ಕಡ್ಡಿಯಲ್ಲಿ ತಟ್ಟಿದರೆ ಹತ್ತು ವಾದ್ಯದ ಸದ್ದು ಕೊಡುವ ರಿದಮ್ ಪ್ಯಾಡು. ತರೀಕೆರೆಯ ಕಾರ್ತಿಕದ ಕಾರ್ಯಕ್ರಮಕ್ಕೆ “ಸುಮ್ನೆ ಬಂದಿರಪ್ಪ” ಎಂದು ಗುರುಮೂರ್ತಿ ಅವನಿಗೆ ಹೇಳಿದ್ದಾನೆಂಬ ಸುದ್ದಿ, ಇಂಥ ಸುದ್ದಿಗಳೆಲ್ಲ ಬರುವಂತೆ, ಬಸ್ಸಿನಲ್ಲಿ ಬಂತು. ಕರಿಸಿದ್ದಪ್ಪ ನೆಟ್ಟಗೆ ಗೆಳೆಯನ ಮನೆಗೆ ಹೋದ.

“ನನ್ನ ಜಾಗಕ್ಕೆ ಆ ಹುಡುಗನ್ನ ತರ್ತೀಯೇನೋ?”

“ಯಾರು ಹೇಳಿದ್ದು ನಿಂಗೆ?”

“ಯಾರಾದ್ರೂ ಹೇಳ್ಲಿ. ನೀನು ಹೇಳ್ಲಿಲ್ವಲ್ಲ, ಅದಕ್ಕೆ ಬಂದೆ.”

ಗುರುಮೂರ್ತಿ ಹಾರ್ಮೋನಿಯಂ ಒರೆಸುತ್ತಾ ಕೂತ. ಒರೆಸಿದ್ದನ್ನೇ ಒರೆಸಿದ. “ನನ್ನ ಬಾಯಲ್ಲಿ ಅದನ್ನ ಹೆಂಗೋ ಹೇಳ್ಸ್ತೀಯ ಸಿದ್ದ,” ಅಂದ ಕೊನೆಗೆ.

“ಬ್ಯಾಡ ಬಿಡು. ಸ್ವಾಮಿ ಹೇಳ್ಲಿ. ಸೋಮವಾರ ಹೂ ಕೇಳಣ. ಬಲಕ್ಕೆ ಬಿದ್ರೆ ನಾನು ಕೂರ್ತೀನಿ. ಎಡಕ್ಕೆ ಬಿದ್ರೆ ಕಡ್ಡಿ ನಿನ್ನ ಕೈಲಿಟ್ಟು ಮುಂದಿನ ಸಾಲಲ್ಲಿ ಕೂತು ನಿನ್ನ ಹಾಡು ಕೇಳ್ತೀನಿ. ಇಷ್ಟು ವರ್ಷ ಬೆನ್ನೇ ನೋಡಿದ್ದಾಯ್ತು, ಮುಖನೂ ಒಂದ್ಸಲ ನೋಡ್ತೀನಿ.”

ಇಬ್ಬರೂ ನಕ್ಕರು. ನಕ್ಕರೂ ಕರಿಸಿದ್ದಪ್ಪ ಆ ರಾತ್ರಿ ಉಣ್ಣಲಿಲ್ಲ. ಡ್ರಮ್ಮಿನ ಮುಂದಿನ ಆ ಸ್ಟೂಲಿನ ಮೇಲೆ ಕೂತಾಗ ಮಾತ್ರ ತನ್ನ ಜೀವ ತನ್ನ ಅಳತೆಗೆ ಸರಿಯಾಗಿ ಹೊಂದುತ್ತದೆ ಎಂದು ಅವನಿಗೆ ಅನಿಸುತ್ತಿತ್ತು. ಅದು ಹೋದರೆ ಮಿಕ್ಕ ದಿನವೆಲ್ಲ ಸಡಿಲ ಅಂಗಿಯ ಹಾಗೆ.

ಹೂ ಕೇಳುವುದು ಈ ಕಡೆ ಎಲ್ಲರಿಗೂ ಗೊತ್ತಿರುವುದೇ. ಸ್ವಾಮಿಯ ಹಿತ್ತಾಳೆಯ ಮುಖವನ್ನು ಮಣೆಯ ಮೇಲೆ ಕೂರಿಸಿ, ಎಡಕ್ಕೊಂದು ಬಲಕ್ಕೊಂದು ಹೂವನ್ನು ನೀರಲ್ಲಿ ಅದ್ದಿ ಅಂಟಿಸುತ್ತಾರೆ. ಮನಸ್ಸಿನಲ್ಲಿದ್ದುದನ್ನು ಬಿನ್ನಹ ಮಾಡಿ ಕಾಯುತ್ತಾರೆ. ಬಲದ ಹೂ ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಮದುವೆ, ಬೋರ್‌ವೆಲ್ಲು, ಎಲೆಕ್ಷನ್ನು, ಎಲ್ಲಕ್ಕೂ ಕೇಳುತ್ತಾರೆ. ಸ್ವಾಮಿಗೆ ಬೇಸರವಿಲ್ಲ.

ಇನ್ನು ಆ ಕಪ್ಪು ಬಾಲದ ಮಣೆಯ ವಿಷಯ.

ಕಡೂರಿನ ಬಸ್‌ ನಿಲ್ದಾಣದ ಹಿಂದಿನ ಸಣ್ಣ ಅಂಗಡಿಯಲ್ಲಿ ಬುಕ್ಕಾಂಬುಧಿಯದೇ ಹುಡುಗಿ ಹೇಮಶ್ರೀ ಆಂಪ್ಲಿಫೈಯರು, ಸ್ಪೀಕರು ರಿಪೇರಿ ಮಾಡುತ್ತಿದ್ದಳು. ಶ್ರಾವಣದ ಆ ಕಾರ್ಯಕ್ರಮದ ಮಾರನೆಯ ದಿನವೇ ಕರಿಸಿದ್ದಪ್ಪ ಒಂದು ಸ್ಪೀಕರ್ ಪೆಟ್ಟಿಗೆ ಹೊತ್ತುಕೊಂಡು ಅವಳ ಮುಂದೆ ಇಳಿಸಿದ್ದ.

“ನೋಡಮ್ಮ, ಇದು ಕೆಟ್ಟೋಗೈತೆ. ತಳದ ಸದ್ದೇ ಬರ್ತಿಲ್ಲ.”

ಹೇಮಶ್ರೀ ಹಾಡು ಹಾಕಿ ನೋಡಿದಳು. ಅಂಗಡಿಯ ಷಟರು ಗದಗುಟ್ಟಿತು. “ಸರಿಯಾಗೇ ಐತಲ್ಲ ಸಿದ್ದಪ್ಪಣ್ಣ?”

“ಎಲ್ಲಿ ಸರಿ ಐತೆ? ನೀನೂ ಆ ಬೀರೂರಿನ ಅಂಗಡಿಯವನಂಗೇ ಹೇಳ್ತೀಯ.”

ಹಾಗೆ ಜಗಳವಾಡುತ್ತಲೇ ಅವನು ಪೆಟ್ಟಿಗೆಯ ಮೇಲೆ ಕೈಯೂರಿದ್ದ. ತಲೆ ಮಾತ್ರ ತಾಳಕ್ಕೆ ಸರಿಯಾಗಿ ತೂಗುತ್ತಿತ್ತು. ಹೇಮಶ್ರೀ ಅದನ್ನು ನೋಡಿದಳು. ಸದ್ದನ್ನು ತನಗೇ ಕೇಳದಷ್ಟು ಇಳಿಸಿದಳು. ತಲೆ ತೂಗುತ್ತಲೇ ಇತ್ತು. “ಅಣ್ಣ, ಕೈ ತೆಗೀರಿ ಒಂದ್ಚೂರು,” ಅಂದಳು. ಕೈ ತೆಗೆದ. ತಲೆ ನಿಂತಿತು.

“ಮಷೀನು ಕೆಟ್ಟಿಲ್ಲ,” ಅಂದಳು ಮೆಲ್ಲಗೆ. “ತಾಳನೂ ಕೆಟ್ಟಿಲ್ಲ. ನಡುವೆ ಇರೋದು ಸ್ವಲ್ಪ ದಣಿದೈತೆ, ಅಷ್ಟೇ.”

ಆಮೇಲೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ಡ್ರಮ್ಮಿನವನು ಕೂತ ಸ್ಟೂಲಿನ ಅಡಿಗೆ ತೆಂಗಿನ ಚಿಪ್ಪಿನಷ್ಟು ದೊಡ್ಡ ಒಂದು ಕಬ್ಬಿಣದ ಬಿಲ್ಲೆ. ಸ್ಪೀಕರಿನ ಒಡಹುಟ್ಟೇ ಅದು, ಆದರೆ ಹಾಡುವುದಕ್ಕೆ ಬಾಯಿಲ್ಲ, ನಡುಗುವುದಕ್ಕೆ ಮೈ ಇದೆ. ಬೇಸ್ ಡ್ರಮ್ಮಿನ ಒಳಗಿನ ಮೈಕಿನಿಂದ ವೈರು ಆ ಬಿಲ್ಲೆಗೆ ಹೋಗುತ್ತದೆ. ಕಾಲು ತುಳಿದಾಗಲೆಲ್ಲ ಬಿಲ್ಲೆ ಅದುರುತ್ತದೆ, ಕೂತವನ ಮೈಗೆ ತಾಳ ತಟ್ಟುತ್ತದೆ. ಕಿವಿಯ ಹಂಗಿಲ್ಲ.

ಹೇಮಶ್ರೀ ಅಂಥದೊಂದನ್ನು ಆನ್‌ಲೈನಿನಲ್ಲಿ ತರಿಸಿದಳು. ಗುರುಶಾಂತಮ್ಮ ಅಟ್ಟದಿಂದ ಹಲಸಿನ ಮಣೆ ಇಳಿಸಿಕೊಟ್ಟಳು. ಮಣೆಯ ಅಡಿಗೆ ಬಿಲ್ಲೆ ಬೋಲ್ಟಾಯಿತು. ಕರಿಸಿದ್ದಪ್ಪ ಅದರ ಮೇಲೆ ಕೂತು ಮೊದಲ ಸಲ ತುಳಿದವನೇ ಎದ್ದು ನಿಂತುಬಿಟ್ಟ.

“ಯಾರೋ ಕೆಳಗಿಂದ ತಟ್ಟಿ ಎಬ್ಬಿಸಿದಂಗಾಯ್ತು ಕಣೇ!”

ಗುರುಶಾಂತಮ್ಮನೂ ಕೂತು ನೋಡಿದಳು. “ಅಜ್ಜಂಪುರದ ಬಸ್ಸಿನ ಹಿಂದಿನ ಸೀಟಿದ್ದಂಗೈತೆ,” ಎಂದು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

ಮನೆಯಲ್ಲಿ ಅಭ್ಯಾಸವಾಯಿತು. ಜನರ ಮುಂದೆ ಇನ್ನೂ ಆಗಿರಲಿಲ್ಲ. ಆ ಸೋಮವಾರ ತರೀಕೆರೆಯಲ್ಲಿ ಆಗಬೇಕಿತ್ತು. ಆದರೆ ಹೊಸ ವಸ್ತುವೊಂದು ಪೂಜೆಯಿಲ್ಲದೆ ಊರು ಬಿಡುವುದುಂಟೇ? ಗುರುಶಾಂತಮ್ಮ ಹಿಂದಿನ ದಿನವೇ ಹೇಮಶ್ರೀಗೆ ತಾಕೀತು ಮಾಡಿದ್ದಳು:

“ಗಾಡಿ ಪೂಜೆ ಮಾಡೋವಾಗ ಇಂಜಿನ್ ಶುರು ಮಾಡಿ ಇಡಲ್ವೇನೇ? ಹಂಗೇ ಇದನ್ನೂ ಶುರು ಮಾಡಿಟ್ಟೇ ಪೂಜೆ ಮಾಡಿಸ್ಬೇಕು. ಸತ್ತಿರೋ ಮಷೀನಿಗೆ ಕುಂಕುಮ ಇಟ್ರೆ ಏನು ಬಂತು?”

ಹೀಗಾಗಿ ಗುಡಿಯ ಹೊರಗೆ, ಲಗೇಜ್ ಆಟೋದ ಪಕ್ಕ, ಮೈಕ್‌ಸೆಟ್ಟಿನ ತಿಪ್ಪೇಶ ಬೇಸ್ ಡ್ರಮ್ಮು ಇಳಿಸಿಕೊಂಡು ನಿಂತಿದ್ದ. ಹೇಮಶ್ರೀ ಆಂಪ್ಲಿಫೈಯರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ವೈರು ಹೊಸ್ತಿಲು ದಾಟಿ ಒಳಗೆ ಹೋಗಿತ್ತು. ಗಂಟೆ ಬಾರಿಸಿದ ಕೂಡಲೇ ತಿಪ್ಪೇಶ ಪೆಡಲು ತುಳಿಯಬೇಕು ಎಂದು ಮಾತಾಗಿತ್ತು.

ಒಳಗೆ ಮೊದಲು ಹೂ ಕೇಳುವುದೆಂದಾಯಿತು. ಪೂಜಾರಿ ಅಯ್ಯನವರು ಸ್ವಾಮಿಯ ಮುಖ ಕೂರಿಸಲು ಸುತ್ತ ನೋಡಿದರು. ಗುಡಿಯ ಹಳೆಯ ಮಣೆಗೆ ಗೆದ್ದಲು ಹಿಡಿದಿತ್ತು. ಕರಿಸಿದ್ದಪ್ಪ ಗರ್ಭಗುಡಿಯ ಮುಂದೆ ಇಟ್ಟಿದ್ದ ಹಲಸಿನ ಮಣೆ ಬಟ್ಟೆ ಬಿಚ್ಚಿಸಿಕೊಂಡು ಹೊಳೆಯುತ್ತಿತ್ತು. ಇದೂ ಪೂಜೆಗೇ ಬಂದದ್ದು ತಾನೇ ಎಂದುಕೊಂಡು ಅಯ್ಯನವರು ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಸ್ವಾಮಿಯನ್ನು ಅದರ ಮೇಲೆಯೇ ಕೂರಿಸಿದರು. ಎರಡು ಬಿಳಿ ಕಣಗಿಲೆ ಹೂ ಅಂಟಿಸಿದರು. ಯಾರಿಗೂ ಏನೂ ಅನಿಸಲಿಲ್ಲ. ಮಣೆ ಎಂದರೆ ಮಣೆ.

ಗುರುಮೂರ್ತಿ ಕೈಮುಗಿದು ಬಿನ್ನಹ ಮಾಡಿದ. ಕರಿಸಿದ್ದಪ್ಪ ಕಣ್ಣು ಮುಚ್ಚಿದ. ಕಾದರು. ಹೂ ಅಲುಗಲಿಲ್ಲ. ಗಾಳಿ ಇರಲಿಲ್ಲವೆಂದು ಆಗಲೇ ಹೇಳಿದೆನಲ್ಲ. ಮಂಜು ಹೊಸ್ತಿಲವರೆಗೆ ಬಂದು ನಿಂತಿತ್ತು.

“ಕೊಡಪ್ಪ, ಮಕ್ಕಳು ಕೇಳ್ತಾ ಅವ್ರೆ, ಏನಿದ್ರೂ ಹೇಳ್ಬಿಡು,” ಎಂದು ಅಯ್ಯನವರು ಸ್ವಾಮಿಯನ್ನು ಓಲೈಸಿದರು. ಇನ್ನೂ ಕಾದರು. ಕೊನೆಗೆ ಮಂಗಳಾರತಿ ಎತ್ತಿ, ಗಂಟೆ ಹಿಡಿದು ಜೋರಾಗಿ ಬಾರಿಸಿದರು.

ಬಲದ ಹೂ ನಡುಗಿತು, ಜಾರಿತು, ಬಿತ್ತು.

“ಹರಹರ ಮಹಾದೇವ!” ಎಂದು ಗುರುಮೂರ್ತಿಯೇ ಎಲ್ಲರಿಗಿಂತ ಜೋರಾಗಿ ಕೂಗಿ ಗೆಳೆಯನನ್ನು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಹೂ ಹೀಗೇ ಬೀಳಲಿ ಎಂದು ಅವನೂ ಬೇಡಿಕೊಂಡಿದ್ದನೆಂದು ಆಗ ತಿಳಿಯಿತು. ಅಯ್ಯನವರು ಆ ಹೂವನ್ನು ಕರಿಸಿದ್ದಪ್ಪನ ಕೈಗೆ ಕೊಟ್ಟರು. ಅವನು ಕಣ್ಣಿಗೊತ್ತಿಕೊಂಡು ಕಿವಿಯ ಮೇಲೆ ಸಿಕ್ಕಿಸಿಕೊಂಡ.

ಕೂಗು ಕೇಳಿ ಹೇಮಶ್ರೀ ಹೊಸ್ತಿಲಿಗೆ ಬಂದಳು. ಸ್ವಾಮಿ ಎಲ್ಲಿ ಕೂತಿದ್ದಾನೆಂದು ನೋಡಿದಳು. ಮಣೆಯಿಂದ ಹೊರಟ ವೈರಿನ ಗುಂಟ ಅವಳ ಕಣ್ಣು ತಿಪ್ಪೇಶನ ಕಾಲಿನವರೆಗೆ ಬಂತು.

ಗುರುಮೂರ್ತಿ ಬಳಗದವರೊಡನೆ ಮುಂದಿನ ಕಾರಿನಲ್ಲಿ ಹೊರಟ. ಕರಿಸಿದ್ದಪ್ಪ, ಗುರುಶಾಂತಮ್ಮ, ಹೇಮಶ್ರೀ ಮೂವರೂ ಆಟೋದ ಹಿಂದೆ, ಡ್ರಮ್ಮುಗಳ ನಡುವೆ ಕೂತರು. ಮಂಜು ಹರಿದು ಬಿಸಿಲು ಬಂತು. ಕರಿಸಿದ್ದಪ್ಪ ಗುನುಗುತ್ತಿದ್ದ. ಅಜ್ಜಂಪುರದ ರೈಲ್ವೆ ಗೇಟು ಬಿದ್ದಿತ್ತು. ತಿಪ್ಪೇಶ ಇಂಜಿನ್ ಆರಿಸಿದ.

“ಅಣ್ಣ, ಒಂದು ಮಾತು,” ಅಂದಳು ಹೇಮಶ್ರೀ. “ಹೇಳ್ದಿದ್ರೆ ನಂಗೆ ಅನ್ನ ಸೇರಲ್ಲ.”

“ಹೇಳವ್ವ.”

“ಅಯ್ನೋರು ಸ್ವಾಮಿನ ಕೂರ್ಸಿದ್ದು ನಮ್ಮ ಮಣೆ ಮೇಲೆ. ಅವ್ರು ಗಂಟೆ ಬಾರ್ಸಿದ್ರು, ಇವ್ನು ತುಳಿದ. ಮಣೆ ನಡುಗ್ತು ಅಣ್ಣ. ಹೂ ಬಿದ್ದಿದ್ದು ಅದಕ್ಕೆ.”

ಮುಂದಿನ ಸೀಟಿನಿಂದ ತಿಪ್ಪೇಶ ತಿರುಗಿ ನೋಡಿದ. “ಅಯ್ಯಯ್ಯೋ! ಹಂಗಾದ್ರೆ ಅಪ್ಪಣೆ ಕೊಟ್ಟಿದ್ದು ನಾನಾ?”

“ನೀನು ಸುಮ್ನಿರೋ,” ಅಂದಳು ಗುರುಶಾಂತಮ್ಮ. ಅವಳ ಮುಖ ಬಾಡಿತು. “ಶಿವನೇ, ಇಂಜಿನ್ ಶುರು ಮಾಡ್ಸಿದ್ದು ನಾನೇ ಅಲ್ವೇ!”

“ನಾವು ಮನೇಲಿ ಬುದ್ಧನ ಫೋಟೋ ಇಟ್ಕೊಂಡಿರೋರು ಶಾಂತಕ್ಕ, ಹೂ ಕೇಳೋ ರೂಢಿ ನಮಗಿಲ್ಲ,” ಅಂದಳು ಹೇಮಶ್ರೀ. “ ಆದ್ರೆ ಅಣ್ಣ ನಂಬಿ ಕೇಳಿದ್ರು. ನಂಬಿದೋರ ಹತ್ರ ಮುಚ್ಚಿಡಬಾರ್ದು ಅನ್ನಿಸ್ತು.”

ರೈಲು ಬಂತು. ಕರಿಸಿದ್ದಪ್ಪನಿಗೆ ಅದರ ಕೂಗು ಕೇಳಿಸಿತು, ಚಕ್ರಗಳ ಸದ್ದು ಕೇಳಿಸಲಿಲ್ಲ. ಅದು ಪೂರ್ತಿ ಹೋದ ಮೇಲೆ ಕಿವಿಯ ಮೇಲಿನ ಹೂವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದ.

“ನಡುಗ್ಸಿದ್ದು ಮಣೆ ಇರ್ಬೋದು ಕಣ್ರೀ,” ಅಂದಳು ಗುರುಶಾಂತಮ್ಮ, ಗಂಡನ ಮುಖ ನೋಡಲಾರದೆ. “ಎಡಕ್ಕೂ ಒಂದು ಹೂ ಇತ್ತಲ್ಲ. ಬಲದ್ದೇ ಬೀಳ್ಸಿದ್ದು ಯಾರು?”

“ಅದು ನಂಗೊತ್ತಿಲ್ಲ ಕಣೇ. ಗೊತ್ತಿಲ್ದೇ ಇರೋದನ್ನ ನನ್ನದು ಅಂತ ಕಿವಿ ಮೇಲೆ ಇಟ್ಕೊಂಡು ಮೆರೆಯೋಕಾಗಲ್ಲ.” ಹೂವನ್ನು ಒಂದು ವೀಳ್ಯದೆಲೆಯಲ್ಲಿ ಮಡಿಸಿ ಜೇಬಿಗಿಟ್ಟ. ಆಮೇಲೆ ಹೇಮಶ್ರೀಯ ಕಡೆ ತಿರುಗಿ, “ಒಳ್ಳೇದು ಮಾಡ್ದೆ ಬಿಡವ್ವ. ಈಗ ಊಟ ಸೇರುತ್ತಲ್ಲ?” ಅಂದ.

ಮಧ್ಯಾಹ್ನದ ಕಾರ್ಯಕ್ರಮಕ್ಕೆ ತರೀಕೆರೆಯ ಸಮುದಾಯ ಭವನದ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಸಂಜೆಯ ದೀಪಕ್ಕೆ ಹೆಂಗಸರು ಹಣತೆ ಜೋಡಿಸುತ್ತಿದ್ದರು. ವೇದಿಕೆಯ ಹಿಂದೆ ಕರಿಸಿದ್ದಪ್ಪ ಗೆಳೆಯನನ್ನು ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಹೇಳಿದ. ಗುರುಮೂರ್ತಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಲೆ ಹಿಡಿದುಕೊಂಡ.

“ಇದನ್ನ ನಂಗ್ಯಾಕೋ ಹೇಳ್ದೆ? ಹಾಯಾಗಿದ್ದೆ ನಾನು! ಈಗ ಏನು, ವಾಪಸ್ ಹೋಗಿ ಇನ್ನೊಂದ್ಸಲ ಕೇಳ್ಕೊಂಡು ಬರಣ ಅಂತೀಯಾ? ಜನ ಆಗ್ಲೇ ಬರ್ತಿದಾರೆ.”

“ಸ್ವಾಮಿನ ಮತ್ತೆ ಎಬ್ಬಿಸೋದು ಬ್ಯಾಡ. ಈ ಹೂ ಅವನದು. ನನ್ನ ಹತ್ರ ಕಡ ಬಂದೈತೆ, ನಾಳೆ ಸಲ್ಲಿಸ್ತೀನಿ. ಜಾಗ ಯಾರದು ಅನ್ನೋದನ್ನ ಇವತ್ತು ತಾಳನೇ ಹೇಳ್ಲಿ.”

ಅಷ್ಟರಲ್ಲಿ ಪ್ರಸನ್ನಕುಮಾರ್ ಹೆಗಲಿಗೆ ಚೀಲ ಹಾಕಿಕೊಂಡು ಹಲ್ಲುಕಿರಿಯುತ್ತಾ ಬಂದ. ಬೆಳಗ್ಗೆ ಗುಡಿಯಿಂದಲೇ ಗುರುಮೂರ್ತಿ ಅವನಿಗೆ ಬರಬೇಡವೆಂದು ಫೋನು ಮಾಡಿದ್ದ. ಹುಡುಗ ಆಗಲೇ ಬಸ್ಸು ಹತ್ತಿಬಿಟ್ಟಿದ್ದ. ಗುರುಮೂರ್ತಿ ನೆಲ ನೋಡಿದ. ಕರಿಸಿದ್ದಪ್ಪನೇ ಹುಡುಗನ ಹೆಗಲ ಮೇಲೆ ಕೈಹಾಕಿದ.

“ಬಂದಿದ್ದು ಚೆನ್ನಾಯ್ತಪ್ಪ. ನನ್ನ ಪಕ್ಕ ಪ್ಯಾಡು ಬಿಚ್ಚಿಟ್ಕೊಂಡು ಕೂತಿರು. ನನ್ನ ಕಾಲು ಜಾರಿದ್ರೆ ನಾನೇ ಕಡ್ಡಿ ಮೇಲೆತ್ತೀನಿ. ಆಗ ನೀನು ಹಿಡ್ಕೊ. ಆಮೇಲೆ ಈ ಜಾಗ ನಿಂದೇ.”

“ಸರ್, ನಾನು ಜಾಗಕ್ಕೆ ಅಂತ ಬಂದಿಲ್ಲ ಸರ್…”

“ಗೊತ್ತು ಕಣಪ್ಪ. ಜಾಗ ಯಾರೂ ಕೇಳ್ಕೊಂಡು ಬರಲ್ಲ. ಬಂದ್ಮೇಲೆ ಬಿಡೋಕಾಗಲ್ಲ, ಅಷ್ಟೇ.”

ಇಲ್ಲಿಯವರೆಗೆ ಎಲ್ಲ ಸುಸೂತ್ರ. ತೊಡಕು ಬಂದದ್ದು ಇನ್ನೇನು ಕೂರಬೇಕು ಎನ್ನುವಾಗ.

ಹೇಮಶ್ರೀ ಮಣೆಯನ್ನು ಸ್ಟೂಲಿನ ಮೇಲೆ ಬಿಗಿದಿದ್ದಳು. ಕರಿಸಿದ್ದಪ್ಪ ಬಂದ, ಬಗ್ಗಿದ, ಹಾಗೆಯೇ ನೆಟ್ಟಗಾದ. ಮಣೆಯ ಮೇಲೆ ಬೆಳಗಿನ ವಿಭೂತಿಯ ಮೂರು ಗೆರೆ, ಕುಂಕುಮ, ಸ್ವಾಮಿಯ ಮುಖ ಕೂತಿದ್ದ ದುಂಡನೆಯ ಗುರುತು.

“ಏನಣ್ಣ?”

“ಇದರ ಮೇಲೆ ಹೆಂಗಮ್ಮ ಕೂರ್ಲಿ? ಸ್ವಾಮಿ ಕೂತೆದ್ದಿರೋ ಮಣೆ.”

“ಟವಲ್ ಹಾಸ್ಕೊಳ್ಳಿ ಅಣ್ಣ,” ಅಂದ ತಿಪ್ಪೇಶ.

“ಟವಲ್ ಹಾಸಿದ್ರೆ ಸ್ವಾಮಿಗೆ ಕಾಣಲ್ವೇನೋ?”

“ಒದ್ದೆ ಬಟ್ಟೇಲಿ ಒರೆಸಿದ್ರೆ?” ಅಂದ ಗುರುಮೂರ್ತಿ.

“ಕುಂಕುಮ ಹೋಗುತ್ತೆ. ಕೂತಿದ್ದು ಹೋಗುತ್ತಾ?”

“ಬೇಡ, ಪಾದದ ಕೆಳಗೆ ಇಡಣ. ಕಾಲಿಗೂ ಚೆನ್ನಾಗಿ ಗೊತ್ತಾಗುತ್ತೆ,” ಅಂದಳು ಹೇಮಶ್ರೀ.

“ಅದಿನ್ನೂ ಚೆಂದ!”

ಹೇಮಶ್ರೀಗೆ ಅಳು ಬರುವಂತಾಯಿತು. ವಿಡಿಯೋದ ಡ್ರಮ್ಮಿನವನಿಗೆ ಇಂಥ ಕಷ್ಟ ಬಂದಿರಲಾರದು. ಬಿಲ್ಲೆ ಬಿಚ್ಚಿ ಬೇರೆ ಹಲಗೆಗೆ ಕೂರಿಸೋಣವೆಂದರೆ ಬೋಲ್ಟು ಹಲಸಿನೊಳಗೆ ಕಚ್ಚಿಕೊಂಡಿತ್ತು, ಸ್ಪ್ಯಾನರು ಕಡೂರಿನಲ್ಲಿತ್ತು. ಹೊರಗೆ ನಿರೂಪಣೆಯವರು ಮೈಕು ತಟ್ಟಿ ನೋಡುತ್ತಿದ್ದರು. ಅಪ್ಪಣೆಯನ್ನು ನನ್ನದಲ್ಲ ಎಂದವನೇ ಈಗ ಸ್ವಾಮಿ ಕೂತದ್ದು ಮಾತ್ರ ಸುಳ್ಳಲ್ಲ ಎನ್ನುತ್ತಿದ್ದ. ಎರಡೂ ಅವನಿಗೆ ನಿಜವೇ. ವಾದ ಮಾಡಿ ಗೆಲ್ಲುವಂತಿರಲಿಲ್ಲ.

ಗುರುಶಾಂತಮ್ಮ ಇಷ್ಟು ಹೊತ್ತೂ ವಿಭೂತಿಯ ಗೆರೆಗಳನ್ನೇ ನೋಡುತ್ತಿದ್ದಳು. “ಕೂರ್ಬೇಡಿ,” ಅಂದಳು. “ಹೊತ್ಕೊಳ್ಳಿ.”

“ಏನು?”

“ಹೊತ್ಕೊಳ್ಳಿ ಅಂದೆ. ಸ್ವಾಮಿ ಊರು ಸುತ್ತೋವಾಗ ಪಲ್ಲಕ್ಕಿ ಅಡ್ಡೆ ಹೊರೋರು ನೀವೇ ಅಲ್ವಾ? ಮಣೆ ಸಮೇತ ಹೆಗಲ ಮೇಲೆ ತಾನೇ ಕೂರೋದು ಅವ್ನು? ಕೂತ್ರೆ ತಪ್ಪು, ತುಳಿದ್ರೆ ತಪ್ಪು. ಹೊತ್ರೆ ಯಾರು ತಪ್ಪು ಅಂತಾರೆ?”

ಮೊದಲು ಹೊಳೆದದ್ದು ಹೇಮಶ್ರೀಗೆ. “ಬೆನ್ನು! ಬೆನ್ನಿನ ಮೂಳೆಗೆ ಇನ್ನೂ ಚೆನ್ನಾಗಿ ಹೋಗುತ್ತೆ ಅಣ್ಣ!” ಎಂದು ಸ್ಟೂಲಿನ ಕಟ್ಟು ಬಿಚ್ಚತೊಡಗಿದಳು. ತಿಪ್ಪೇಶ ಸ್ಪೀಕರು ಬಿಗಿಯುವ ನವಾರದ ಪಟ್ಟಿ ತಂದ. ಕರಿಸಿದ್ದಪ್ಪ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿದ. ಪ್ರಸನ್ನಕುಮಾರನೇ ಅದನ್ನು ಅವನ ಬೆನ್ನಿಗೆ ಆನಿಸಿ ಹಿಡಿದ, ಹೇಮಶ್ರೀ ನವಾರ ಸುತ್ತಿ ಎದೆಯ ಮೇಲೆ ಗಂಟು ಹಾಕಿದಳು, ಗುರುಶಾಂತಮ್ಮ ಮೇಲಿನಿಂದ ಬಳಗದ ಕಾವಿ ಜುಬ್ಬ ತೊಡಿಸಿ ಎಳೆದು ಸರಿಮಾಡಿದಳು.

“ಥೇಟ್ ಆಮೆ ಆದ್ರಲ್ಲ ಅಣ್ಣ,” ಅಂದ ತಿಪ್ಪೇಶ.

“ಆಮೆನೇ ಸರಿ ಕಣೋ. ಮುಂದೆ ಓಡೋ ಭಯ ಇಲ್ಲ.”

ಅವನು ಬರಿಯ ಸ್ಟೂಲಿನ ಮೇಲೆ ಕೂತು ಒಂದು ಸಲ ತುಳಿದ. ಬೆನ್ನಿಗೆ ತಟ್ಟಿತು. ಇನ್ನೊಂದು ಸಲ ತುಳಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಅವನಿಗೆ ನೆನಪಾದದ್ದು ಅಪ್ಪನ ಎತ್ತಿನಗಾಡಿ. ಚಿಕ್ಕಂದಿನಲ್ಲಿ ಕೊಬ್ಬರಿ ಚೀಲ ಹೇರಿಕೊಂಡು ಕಡೂರಿನ ಸಂತೆಗೆ ಹೋಗುವಾಗ ಅವನು ಚೀಲಗಳ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದ. ಎತ್ತುಗಳು ಹೆಜ್ಜೆ ಇಟ್ಟಾಗಲೆಲ್ಲ ಮರದಿಂದ ಚೀಲಕ್ಕೆ, ಚೀಲದಿಂದ ಬೆನ್ನಿಗೆ ಒಂದು ಮೆತ್ತನೆಯ ಪೆಟ್ಟು ಬರುತ್ತಿತ್ತು. ನಿದ್ದೆ ಹತ್ತಿದರೂ ಆ ಪೆಟ್ಟು ನಿಲ್ಲುತ್ತಿರಲಿಲ್ಲ. ತಾಳ ಅವನಿಗೆ ಮೊದಲು ಬಂದದ್ದು ಬೆನ್ನಿನಿಂದ. ಕಿವಿ ಆಮೇಲೆ ಸೇರಿಕೊಂಡದ್ದು. ನಡುವೆ ಬಂದದ್ದು ನಡುವೆ ಹೋಯಿತು, ಅಷ್ಟೆ.

ಕಾರ್ಯಕ್ರಮ ಶುರುವಾಯಿತು. ಮೊದಲಿನ ಹಾಡುಗಳು ಚುರುಕಿನವು, ಕೈಯ ಕೆಲಸವೇ ಹೆಚ್ಚು. ಗುರುಮೂರ್ತಿ ಆಗಾಗ ತಿರುಗಿ ನೋಡುತ್ತಿದ್ದ. ಪ್ರಸನ್ನಕುಮಾರ್ ಕಡ್ಡಿ ಹಿಡಿದುಕೊಂಡು ತುದಿಗಾಲಲ್ಲಿ ಕೂತಿದ್ದ. ವೇದಿಕೆಯ ಪಕ್ಕದಲ್ಲಿ ಹೇಮಶ್ರೀ ಆಂಪ್ಲಿಫೈಯರಿನ ತಿರುಪಿನ ಮೇಲಿನ ಬೆರಳು ತೆಗೆಯಲಿಲ್ಲ.

ಆಮೇಲೆ ಗುರುಮೂರ್ತಿ, ಯಾರಿಗೂ ಹೇಳದೆ, ಶ್ರಾವಣದಲ್ಲಿ ಮುರಿದುಬಿದ್ದ ಆ ನಿಧಾನದ ಪದವನ್ನೇ ಎತ್ತಿಕೊಂಡ. ಗೆಳೆಯನನ್ನು ಪರೀಕ್ಷಿಸಲು ಎತ್ತಿಕೊಂಡನೋ, ಅವನ ಮೇಲಿನ ನಂಬಿಕೆಯಿಂದಲೋ, ಕೇಳಿದವರಿಗೆ ಅವನು ಇವತ್ತಿಗೂ ಹೇಳಿಲ್ಲ. ಆ ಪದದಲ್ಲಿ ಮಾತು ಕಡಿಮೆ, ಬಯಲು ಜಾಸ್ತಿ. ಒಂದು ಧುಂ ಆದ ಮೇಲೆ ಇನ್ನೊಂದು ಬರುವವರೆಗೆ ಒಬ್ಬ ಮನುಷ್ಯ ಉಸಿರೆಳೆದು ಬಿಡಬಹುದು. ಆ ಬಯಲಿನಲ್ಲಿ ಹಾದಿ ತಪ್ಪದಿರುವುದೇ ಕಷ್ಟ.

ಕರಿಸಿದ್ದಪ್ಪ ಕಡ್ಡಿಗಳನ್ನು ಡ್ರಮ್ಮಿನ ಅಂಚಿಗೆ ಹಗುರಾಗಿ ಆನಿಸಿ, ಕಾಲನ್ನು ನಂಬಿ ಕೂತ. ತುಳಿದ. ಸ್ವಾಮಿಯ ಮಣೆ ಬೆನ್ನಿಗೆ ತಟ್ಟಿತು. ಕಾದ. ತುಳಿದ. ತಟ್ಟಿತು. ಎತ್ತುಗಳು ನಡೆಯುತ್ತಿದ್ದವು. ಗುರುಮೂರ್ತಿಯ ದನಿ ಮೇಲೆ ಹೋಗಿ, ಅಲ್ಲೇ ತೇಲಿ, ಇಳಿದು ಬರುವ ಹೊತ್ತಿಗೆ ಸರಿಯಾಗಿ ಧುಂ ಎಂಬುದು ಅದರ ಕಾಲಡಿಗೆ ಬಂದು ನಿಲ್ಲುತ್ತಿತ್ತು. ಶಾಮಿಯಾನದ ಕೆಳಗೆ ಮಾತಾಡುತ್ತಿದ್ದವರು ಸುಮ್ಮನಾದರು. ಪದ ಮುಗಿಯುವವರೆಗೆ ಗುರುಮೂರ್ತಿ ಒಂದು ಸಲವೂ ತಿರುಗಿ ನೋಡಲಿಲ್ಲ.

ಪದ ಮುಗಿದ ಮೇಲಿನ ಚಪ್ಪಾಳೆಯ ನಡುವೆ ಕರ್ ಎಂದು ಒಂದು ಸದ್ದಾಯಿತು. ತಳದ ಸದ್ದಲ್ಲವಾದ್ದರಿಂದ ಕರಿಸಿದ್ದಪ್ಪನಿಗೂ ಕೇಳಿಸಿತು. ತಿರುಗಿ ನೋಡಿದರೆ ಪ್ರಸನ್ನಕುಮಾರ್ ಪ್ಯಾಡನ್ನು ಚೀಲದೊಳಗೆ ಇಟ್ಟು ಜಿಪ್ಪು ಎಳೆಯುತ್ತಿದ್ದ.

“ಯಾಕಪ್ಪಾ, ಮಂಗಳ ಇನ್ನೂ ಇದೆ,” ಅಂದ ಕರಿಸಿದ್ದಪ್ಪ ಪಿಸುದನಿಯಲ್ಲಿ.

“ನೀವಿದ್ದೀರಲ್ಲ ಸರ್. ಹೇಮಕ್ಕನಿಗೆ ಹೇಳಿ ನನಗೂ ಇಂಥದೊಂದು ಮಾಡ್ಸಿಕೊಡಿ.”

“ಬೆನ್ನಿಗೆ ಬೇಕೋ, ಕೂರೋಕೆ ಬೇಕೋ?”

“ಪೂಜೆಗೆ ಮೊದ್ಲೇ ಕೊಟ್ಬಿಟ್ರೆ ಕೂರೋಕೇ ಸಾಕು ಸರ್.”

ಮಂಗಳವಾಯಿತು. ಕೆಳಗೆ ಹಣತೆಗಳೆಲ್ಲ ಹೊತ್ತಿಕೊಂಡಿದ್ದವು. ಗುರುಮೂರ್ತಿ ಹಾರ್ಮೋನಿಯಂ ಮುಚ್ಚಿ, ನಿಧಾನವಾಗಿ ಎದ್ದು ಬಂದು, ಗೆಳೆಯನ ಬೆನ್ನ ಮೇಲೆ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಂತೆ ತಟ್ಟಿದ. ಜುಬ್ಬದ ಒಳಗೆ ಹಲಸು ಟಕ್ಕೆಂದಿತು.

“ಅಮಾವಾಸ್ಯೆಗೆ ಬೀರೂರಲ್ಲಿ ಐತೆ,” ಅಂದ. “ಮಣೆ ಮರೀಬ್ಯಾಡ.”

“ನೀನು ನೀರು ಕುಡಿಯೋದು ಮರೀಬ್ಯಾಡ,” ಅಂದ ಕರಿಸಿದ್ದಪ್ಪ.

ಮಾರನೆಯ ಬೆಳಗ್ಗೆ ಮಂಜು ಅಷ್ಟಿರಲಿಲ್ಲ. ಕೆರೆ ಕಾಣುತ್ತಿತ್ತು. ಕರಿಸಿದ್ದಪ್ಪ ಮಿಂದು, ಯಾರನ್ನೂ ಕರೆಯದೆ, ಏರಿಯ ಮೇಲೆ ಒಬ್ಬನೇ ನಡೆದು ಹೋದ. ಗುಡಿಯ ಮುಂದಿನ ಬಿಲ್ವದ ಬುಡದಲ್ಲಿ ಕೂತು, ಜೇಬಿನಿಂದ ವೀಳ್ಯದೆಲೆ ತೆಗೆದು ಬಿಚ್ಚಿದ. ಹೂ ಬಾಡಿತ್ತು. ಒಮ್ಮೆ ಸ್ವಾಮಿಯ ಮೈಯಿಂದ ಇಳಿದದ್ದನ್ನು ಮತ್ತೆ ಏರಿಸುವಂತಿಲ್ಲ. ಅದನ್ನು ಬಿಲ್ವದ ಬುಡಕ್ಕೆ ಒಪ್ಪಿಸಿ, ಮೇಲೆ ಒಂದು ಬೊಗಸೆ ಮಣ್ಣು ಎಳೆದ.

ಒಳಗೆ ಅಯ್ಯನವರು ಹಿತ್ತಾಳೆಯ ಮುಖವನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಒರೆಸಿ, ಇನ್ನೂ ಹೂವೇರಿಸದೆ ಇಟ್ಟಿದ್ದರು.

“ಏನಪ್ಪಾ ಸಿದ್ದಪ್ಪ, ಇಷ್ಟೊತ್ತಿಗೇ? ಮತ್ತೇನಾದ್ರೂ ಕೇಳೋದಿತ್ತೇನು?”

“ಕೇಳೋದೇನಿಲ್ಲ ಅಯ್ನೋರೆ. ಕಡ ತೀರ್ಸೋದೈತೆ.”

ತೇವದ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಒಂದು ಬಿಳಿ ಕಣಗಿಲೆಯನ್ನು, ತನ್ನ ಹಿತ್ತಿಲಿನದು, ಆಗಷ್ಟೇ ಅರಳಿದ್ದು, ಅವರ ಅಂಗೈಯಲ್ಲಿಟ್ಟ.

“ಬಲಗಡೆಗೆ,” ಅಂದ.